ಮೇಳಕ್ಕೆ ಹೋದ ಕಸೂತಿ

(ಮಹಿಳಾ ವಿಭಾಗದ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಕಾರ್ಯದರ್ಶಿಯವರು ಹೋದ ವಾರ ಫೋನ್ ಮಾಡಿ, "ಮಹಿಳೆ ಮತ್ತು ಸ್ವಾವಲಂಬನೆ ಅಂತ ಇಪ್ಪತ್ತು ನಿಮಿಷ ಮಾತಾಡಿ" ಅಂದರು. ನಾನು ಅಂದೆ, ಅಷ್ಟು ದೊಡ್ಡ ವಿಷಯ ನನ್ನ ಕೈಲಿ ಆಗೋದಿಲ್ಲ, ನಮ್ಮ ಬಡಾವಣೆಯ ಸಂಕ್ರಾಂತಿ ಮೇಳಕ್ಕೆ ಮೂರು ಸಲ ಕಸೂತಿ ಒಯ್ದಿದ್ದೇನೆ, ಬೇಕಾದರೆ ಅದನ್ನ ಹೇಳ್ತೀನಿ. ಈ ವರ್ಷ ನಮ್ಮ ವಿಭಾಗದಿಂದಲೂ ಒಂದು ಮೇಜು ಹಿಡಿಯೋಣ ಅಂತ ಮಾತು ನಡೆದಿದೆಯಲ್ಲ, ನಾನು ಮಾಡಿದ ತಪ್ಪು ಕೇಳಿದರೆ ನಿಮಗೆ ಅಷ್ಟಾದರೂ ಉಳಿತಾಯ ಆದೀತು. ಅವರು ಒಪ್ಪಿದರು. ಆಹ್ವಾನ ಪತ್ರಿಕೆಯಲ್ಲಿ ಮಾತ್ರ ಸ್ವಾವಲಂಬನೆ ಅಂತಲೇ ಉಳಿದಿದೆ, ಕ್ಷಮಿಸಿ.

ನಮ್ಮ ಮೇಳ ಎಂಥಾದ್ದು ಅಂತ ಪುಣೆಯಲ್ಲಿ ಇರೋರಿಗೆ ಹೇಳಬೇಕಿಲ್ಲ. ಶಾಲೆಯ ಮೈದಾನದಲ್ಲಿ ಶಾಮಿಯಾನ, ಮೂರು ದಿನ, ಸಂಕ್ರಾಂತಿಯ ಹಿಂದಿನ ವಾರ. ಒಂದು ಕಡೆ ಮಾರಾಟದ ಮಳಿಗೆಗಳು. ತಿಳಗೂಳ, ಮಸಾಲೆ, ಹಲವಾ ದಾಗಿನೆ, ಕರಿ ಸೀರೆ. ಇನ್ನೊಂದು ಕಡೆ ಶಾಲೆಯ ಸಭಾಗೃಹದಲ್ಲಿ ಕೈಕೆಲಸದ ಸ್ಪರ್ಧೆ. ಅರ್ಜಿಯಲ್ಲಿ ವಿಭಾಗಗಳು ಇರ್ತಾವೆ: ಭರತಕಾಮ, ವಿಣಕಾಮ, ಮಣ್ಣಿನ ಕೆಲಸ, ಕಾಗದದ ಕೆಲಸ, ಇತರೆ. ಐವತ್ತು ರೂಪಾಯಿ ಪ್ರವೇಶ ಶುಲ್ಕ. ಮೊದಲ ದಿನ ಬೆಳಿಗ್ಗೆ ಹತ್ತರೊಳಗೆ ವಸ್ತು ಕೊಡಬೇಕು, ಮೂರನೆಯ ದಿನ ಸಂಜೆ ಏಳರ ಮೇಲೆ ವಾಪಸ್ ತರಬೇಕು. ನಡುವೆ ಅದು ನಿಮ್ಮದಲ್ಲ ಅಂತ ತಿಳಕೊಳ್ಳಬೇಕು. ಸಾವಿರ ಕೈ ಮುಟ್ಟುತ್ತವೆ.

ಇಲ್ಲಿ ಮಂಗಳೂರು, ಮೈಸೂರು ಕಡೆಯವರೂ ಇದ್ದೀರಿ, ಆದ್ದರಿಂದ ಕಸೂತಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಇದು ಬರೀ ಎಂಬ್ರಾಯಿಡರಿ ಅಲ್ಲ. ಧಾರವಾಡದ ಕಡೆಯ ಕಸೂತಿಯಲ್ಲಿ ಬಟ್ಟೆಯ ಮೇಲೆ ಪೆನ್ಸಿಲಿನಿಂದ ಚಿತ್ರ ಬರಕೊಳ್ಳೋದಿಲ್ಲ. ನೇಯ್ಗೆಯ ಎಳೆ ಎಣಿಸಿ ಹಾಕೋದು. ಎರಡು ಎಳೆ ಮೇಲೆ, ಎರಡು ಎಳೆ ಕೆಳಗೆ. ಒಂದು ಎಳೆ ತಪ್ಪಿದರೆ ಗೋಪುರ ವಾಲಿ ನಿಲ್ಲುತ್ತದೆ. ಹೊಲಿಗೆ ನಾಲ್ಕು: ಗವಂತಿ, ಮುರಗಿ, ನೇಯ್ಗಿ, ಮೆಂತಿ. ಗವಂತಿಯಲ್ಲಿ ಸೂಜಿ ಒಂದು ಬಿಟ್ಟು ಒಂದು ಹೊಲಿಯುತ್ತ ಮುಂದೆ ಹೋಗಿ, ತಿರುಗಿ ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಮುರಗಿ ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಹೊಲಿಗೆ. ಇವೆರಡೂ ಬಟ್ಟೆಯ ಮೇಲೂ ಕೆಳಗೂ ಒಂದೇ ಥರ ಕಾಣುತ್ತವೆ. ನೇಯ್ಗಿ ಬಟ್ಟೆಯಲ್ಲೇ ನೆಯ್ದ ಹಾಗೆ ಕಾಣುತ್ತದೆ, ಮೆಂತಿ ಅಂದರೆ ಕತ್ತರಿ ಹೊಲಿಗೆ, ಮೆಂತೆ ಕಾಳು ಚೆಲ್ಲಿದ ಹಾಗೆ. ಈ ಎರಡಕ್ಕೆ ಹಿಂಬದಿ ಬೇರೆ ಬರುತ್ತದೆ. ಮತ್ತು ಮುಖ್ಯವಾದದ್ದು, ಗಂಟು ಹಾಕುವ ಹಾಗಿಲ್ಲ. ದಾರ ಶುರುವಾದಲ್ಲೂ ಮುಗಿದಲ್ಲೂ ಹೊಲಿಗೆಯ ಕೆಳಗೆ ನಾಲ್ಕು ಎಳೆ ತೂರಿಸಿ ಬಚ್ಚಿಡಬೇಕು. ಹಳಬರು ಕಸೂತಿ ನೋಡಬೇಕು ಅಂದರೆ ಮೊದಲು ಬಟ್ಟೆ ಮಗಚಿ ಹಿಂಬದಿ ನೋಡುತ್ತಾರೆ.

ಇಷ್ಟು ಗೊತ್ತಿದ್ದವಳು ನಾನು ಮೊದಲ ಸಲ, 2019ರಲ್ಲಿ, ಏನು ಮಾಡಿದೆ ಕೇಳಿ. ಇಳಕಲ್ಲ ಬಟ್ಟೆಯ ತುಂಡಿನ ಮೇಲೆ ತುಳಸಿಕಟ್ಟೆ, ಅದರ ಎರಡೂ ಬದಿ ನವಿಲು ಹಾಕಿದೆ. ಎರಡು ತಿಂಗಳ ಕೆಲಸ. ಚಂದ ಕಾಣಲಿ ಅಂತ ಆರು ನೂರು ರೂಪಾಯಿ ಕೊಟ್ಟು ಗಾಜಿನ ಫ್ರೇಮು ಹಾಕಿಸಿದೆ! ಹಿಂದೆ ಹಲಗೆ, ಮೇಲೆ ಮೊಳೆ, ಅದರ ಮೇಲೆ ಕಂದು ಟೇಪು. ಅಂದರೆ ಯಾವುದನ್ನ ತೋರಿಸಬೇಕಿತ್ತೋ ಅದನ್ನೇ ಸೀಲ್ ಮಾಡಿ ಒಯ್ದೆ.

ಏನೂ ಬರಲಿಲ್ಲ. ಸಮಾಧಾನಕರ ಬಹುಮಾನವೂ ಇಲ್ಲ. ಮೊದಲನೆಯದು ರೇಷ್ಮೆ ದಾರದ ದೊಡ್ಡ ಗುಲಾಬಿ ಹೂವುಗಳ ಒಂದು ಟೇಬಲ್ ಕ್ಲಾಥಿಗೆ ಹೋಯಿತು. ನನಗೆ ಸಿಟ್ಟು ಬಂತು. ಮರಾಠಿಯವರಿಗೆ ನಮ್ಮ ಕಸೂತಿ ಏನು ಗೊತ್ತು ಅಂತ ಮನಸ್ಸಿನಲ್ಲೇ ಬೈದುಕೊಂಡು ಫ್ರೇಮು ಎತ್ತಿಕೊಳ್ಳಲು ಹೋದೆ. ಅಲ್ಲಿ ತೀರ್ಪುಗಾರರಲ್ಲಿ ಒಬ್ಬ ವಯಸ್ಸಾದ ಬಾಯಿ ಇನ್ನೂ ಕೂತಿದ್ದರು. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಗಿರಬೇಕು. "ಇದು ನಿಮ್ದಾ?" ಅಂತ ಕನ್ನಡದಲ್ಲೇ ಕೇಳಿದರು. ಅವರ ಅಜ್ಜಿ ಜತ್ತ ಕಡೆಯವರಂತೆ.

"ಕಸೂತಿ ಅಂತ ನಂಗ ಗೊತ್ತಾತ್ರಿ. ಆದ್ರ ಉಳದ ಇಬ್ಬರು ಕ್ರಾಸ್ ಸ್ಟಿಚ್ ಅಂದ್ರು. ನಾ ಹಿಂದಿನ್ದು ತೋರಸ್ತೀನಿ ಅಂತ ತಿರಗಿಸಿ ನೋಡಿದ್ರ ಹಲಗಿ. ನಾ ಏನ್ ತೋರಿಸಲಿ? ಗಾಜು ಬ್ಯಾರೆ ಹೊಳೀತದ, ಟ್ಯೂಬ್‌ಲೈಟ್ ಒಳಗ ನಮ್ಮ ಮುಖಾನ ನಮಗ ಕಾಣ್ತದ."

ನಾನು ಸುಮ್ಮನೆ ನಿಂತೆ. ಅವರು ಇನ್ನೊಂದು ಮಾತು ಹೇಳಿದರು. ನನ್ನ ಚೀಟಿಯಲ್ಲಿ ಬರೀ "ಕಸೂತಿ, ಧಾರವಾಡ" ಅಂತ ಬರೆದಿದ್ದೆ. "ಗೊತ್ತಿಲ್ಲದವರಿಗೆ ಇಷ್ಟರಾಗ ಏನ್ ತಿಳೀತದ? ಎಳಿ ಎಣಿಸಿದ್ದು, ಚಿತ್ರ ಬರದಿಲ್ಲ, ಎರಡೂ ಕಡೆ ಒಂದ ಥರ, ಇಷ್ಟು ತಾಸು ಹಿಡೀತು ಅಂತ ನಾಕು ಸಾಲು ಬರೀರಿ." ಅಷ್ಟೇ. ರಾತ್ರಿ ಅವ್ವನಿಗೆ ಧಾರವಾಡಕ್ಕೆ ಫೋನ್ ಮಾಡಿ ಹೇಳಿದರೆ ಅವಳು ನಕ್ಕಳು. "ಕನ್ನಡಿ ಹಾಕಿ ಮುಚ್ಚಿಟ್ಟಿ ಏನು? ಅದೇನು ದೇವರ ಫೋಟೋ ಏನ?"

ಇದನ್ನ ಯಾಕೆ ಹೇಳಿದೆ ಅಂದರೆ, ಮೇಳಕ್ಕೆ ಒಯ್ಯುವವರಲ್ಲಿ ಬಹಳ ಮಂದಿಗೆ ಕೆಲಸ ಗೊತ್ತಿರುತ್ತದೆ, ಇಡೋದು ಗೊತ್ತಿರೋದಿಲ್ಲ. ಈಗ ನಾನು ಬಟ್ಟೆಯನ್ನ ಎರಡು ಕೋಲಿಗೆ ಕಟ್ಟಿ ತೂಗಿಬಿಡುತ್ತೇನೆ, ಎರಡೂ ಕಡೆಯಿಂದ ಸುತ್ತಿ ಬಂದು ನೋಡಬಹುದು. ಜೊತೆಗೆ ಅಂಗೈ ಅಗಲದ ಒಂದು ಚೂರು, ಅದೇ ಹೊಲಿಗೆಯದ್ದು, ಮೇಜಿನ ಮೇಲೆ ಇಟ್ಟು "ಇದನ್ನು ಮುಟ್ಟಿ ನೋಡಿ" ಅಂತ ಬರೆಯುತ್ತೇನೆ. ಜನಕ್ಕೆ ಮುಟ್ಟದೆ ಇರೋದು ಆಗೋದಿಲ್ಲ. ಮುಟ್ಟಲು ಒಂದು ಕೊಟ್ಟರೆ ದೊಡ್ಡದು ಸ್ವಚ್ಛ ಉಳಿಯುತ್ತದೆ. ಇನ್ನು ಬಣ್ಣ. ಕೊಡುವ ಮೊದಲು ಒದ್ದೆ ಬಿಳಿ ಬಟ್ಟೆಯಿಂದ ಕೆಂಪು, ಕರಿ ದಾರಗಳನ್ನ ಒತ್ತಿ ನೋಡಿ. ಅಗ್ಗದ ಲಡಿ ಇದ್ದರೆ ಅಲ್ಲೇ ಬಿಡುತ್ತದೆ. ನಾನು ಒಂದು ಬಿಳಿ ಟೇಬಲ್ ರನ್ನರನ್ನ ಹೀಗೆ ಕಳಕೊಂಡಿದ್ದೇನೆ, ಅದು ಈಗ ನಮ್ಮ ಮನೆಯಲ್ಲಿ ಮಿಕ್ಸರಿನ ಮೇಲೆ ಹೊದಿಕೆಯಾಗಿದೆ.

ಎರಡನೆಯ ಸಲ, 2020ರ ಜನವರಿ. ಆಗ ಸ್ಪರ್ಧೆ ಬೇಡ, ಮಾರೋಣ ಅಂತ ನಾವು ಮೂವರು ಸೇರಿ ಒಂದು ಮಳಿಗೆ ಹಿಡಿದೆವು. ಒಬ್ಬರದು ಕ್ರೋಶಾ, ಒಬ್ಬರದು ಖಣದ ಚೀಲಗಳು, ನನ್ನದು ಕಸೂತಿ. ಮೂರು ದಿನಕ್ಕೆ ಮೂರು ಸಾವಿರ ಬಾಡಿಗೆ, ತಲೆಗೆ ಒಂದು ಸಾವಿರ.

ಪುಣೆಯಲ್ಲಿ ಖಣಕ್ಕೆ ಇರುವ ಮೋಹ ನಿಮಗೆ ಗೊತ್ತೇ ಇದೆ. ಗುಳೇದಗುಡ್ಡದಲ್ಲಿ ನೆಯ್ದ ಖಣ ಇಲ್ಲಿ ಕುಪ್ಪಸ, ಪರ್ಸು, ತೋರಣ, ಡೈರಿಯ ಹೊದಿಕೆ ಏನೇನೋ ಆಗುತ್ತದೆ. ಖಣದ ಅಂಚಿಗೆ ಕಸೂತಿ ಹಾಕಿದರೆ ಎದ್ದು ಹೋಗುತ್ತದೆ ಅಂತ ನನ್ನ ಲೆಕ್ಕ. ಹದಿನಾಲ್ಕು ವಸ್ತು ಮಾಡಿದೆ. ಕುಪ್ಪಸದ ಬಟ್ಟೆ, ಕುಶನ್ ಕವರು, ಒಂದು ದುಪಟ್ಟಾ.

ಮೊದಲ ದಿನ ಹನ್ನೊಂದು ಗಂಟೆಗೆ ಒಬ್ಬರು ಬಂದರು. ಕುಪ್ಪಸದ ಬಟ್ಟೆ ಎತ್ತಿ ನೋಡಿ "ಕಿತಿ ಛಾನ್" ಅಂದರು. ಬೆಲೆ ಕೇಳಿದರು. ಒಂಬೈನೂರು ಅಂದೆ. ಅವರು ಕೈ ಬಿಟ್ಟರು, ಬಿಸಿ ಪಾತ್ರೆ ಬಿಟ್ಟ ಹಾಗೆ. ಎರಡು ಮಳಿಗೆ ಆಚೆ ಇಂಥದ್ದೇ ಇನ್ನೂರಕ್ಕೆ ಇದೆ ಅಂದರು. ಆಮೇಲೆ ನಾನೇ ಹೋಗಿ ನೋಡಿದೆ. ಮಶೀನಿನ ಕೆಲಸ. ತೇರು, ಆನೆ, ಗೋಪುರ, ಎಲ್ಲ ನಮ್ಮದೇ ನಮೂನೆ. ಮಗಚಿದರೆ ಹಿಂದೆ ಬಾಬಿನ್ನಿನ ಬಿಳಿ ದಾರ. ಚೀಟಿಯಲ್ಲಿ ಮಾತ್ರ "ಕಸೂತಿ ವರ್ಕ್". ಧಾರವಾಡದ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ ಅಂತ ನಾವು ಹೆಮ್ಮೆಯಿಂದ ಹೇಳ್ತೀವಿ, ಇದೆ ಕೂಡ. ಆದರೆ ಶಾಲೆಯ ಮೈದಾನದ ಶಾಮಿಯಾನದಲ್ಲಿ ಅದನ್ನ ಕೇಳೋರು ಯಾರು? ಆ ಹುಡುಗನ ಜೊತೆ ಜಗಳಕ್ಕೂ ಹೋಗಲಿಲ್ಲ. ಅವನೂ ಹೊಟ್ಟೆಪಾಡಿಗೇ ಕೂತವನು. ಎರಡನೆಯ ದಿನದಿಂದ ಒಂದು ಕುಪ್ಪಸದ ಬಟ್ಟೆಯನ್ನ ಹಿಂಬದಿ ಮೇಲೆ ಮಾಡಿ ಹರಡಿಟ್ಟೆ. "ಉಲಟಾ ಠೇವಲಂಯ" ಅಂತ ಜನ ಹೇಳುತ್ತಿದ್ದರು. ಇಲ್ಲ, ಇದೇ ಹಿಂಬದಿ, ತಿರುಗಿಸಿ ನೋಡಿ ಅನ್ನುತ್ತಿದ್ದೆ. ಆಗ ನಿಂತು ನೋಡಿದರು. ಹತ್ತರಲ್ಲಿ ಇಬ್ಬರು ಕೊಂಡರು.

ಮೂರು ದಿನ ಮುಗಿದ ಮೇಲೆ ಲೆಕ್ಕ ಹಾಕಿದೆ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿದವಳು, ಲೆಕ್ಕ ಬಿಡೋದಿಲ್ಲ. ಒಂಬತ್ತು ವಸ್ತು ಹೋದವು. ಕೈಗೆ ಬಂದದ್ದು 6,450 ರೂಪಾಯಿ. ಬಟ್ಟೆ ಮತ್ತು ದಾರಕ್ಕೆ 2,310. ಬಾಡಿಗೆ 1,000. ಆಟೊ, ಚಹಾ, ಚೀಲ 400. ಉಳಿದದ್ದು 2,740. ಆ ಒಂಬತ್ತಕ್ಕೆ ಹಿಡಿದ ತಾಸು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ, ಒಟ್ಟು 160. ತಾಸಿಗೆ ಹದಿನೇಳು ರೂಪಾಯಿ.

ಅದನ್ನ ಬರೆದು ನೋಡುತ್ತ ಕೂತಾಗ ನಮ್ಮ ಮನೆಗೆ ಚಪಾತಿ ಮಾಡಲು ಬರುವ ಮಾವಶಿ ಬಂದರು. ಅವರಿಗೆ ಅರ್ಧ ತಾಸಿಗೆ ನಾನು ಕೊಡೋದು ಇದಕ್ಕಿಂತ ಎಷ್ಟೋ ಹೆಚ್ಚು, ಕೊಡಲೂ ಬೇಕು. ನನ್ನ ಯಜಮಾನರು ಲೆಕ್ಕ ನೋಡಿ, "ಇರಲಿ ಬಿಡು, ನಿನಗೆ ಹೊತ್ತು ಹೋಗ್ತದಲ್ಲ" ಅಂದರು. ಒಳ್ಳೆ ಮನಸ್ಸಿನಿಂದಲೇ ಅಂದದ್ದು. ಆದರೆ ಅಕ್ಕಂದಿರೆ, ಆ ಮಾತು ಹದಿನೇಳು ರೂಪಾಯಿಗಿಂತ ಹೆಚ್ಚು ಚುಚ್ಚಿತು. ಹೊತ್ತು ಹೋಗಲಿ ಅಂತ ಯಾರಾದರೂ ಕಣ್ಣು ಕಿರಿದು ಮಾಡಿ ಎಳೆ ಎಣಿಸುತ್ತಾರೆಯೆ? ಹೊತ್ತು ಹೋಗಬೇಕಾದರೆ ಟಿವಿ ಇದೆ.

ಬೆಲೆಯ ವಿಷಯದಲ್ಲಿ ನಾನು ಕಂಡುಕೊಂಡದ್ದು ಇಷ್ಟು. ದೊಡ್ಡ ವಸ್ತುವನ್ನ ಮೇಳದಲ್ಲಿ ಮಾರಲು ಇಡಬಾರದು. ನೋಡಲು ಇಡಬೇಕು, "ಆರ್ಡರ್ ತೆಗೆದುಕೊಳ್ಳುತ್ತೇವೆ" ಅಂತ ಬರೆದು ಅರ್ಧ ಹಣ ಮುಂಗಡ ಕೇಳಬೇಕು. ಮುಂಗಡ ಕೊಡದವರು ನಿಜವಾಗಿ ಬೇಕು ಅನ್ನೋರಲ್ಲ. ಮಾರಲಿಕ್ಕೆ ಎರಡು ತಾಸಿನ ಒಳಗೆ ಮುಗಿಯುವ ವಸ್ತು. ಪುಸ್ತಕದಲ್ಲಿ ಇಡುವ ಗುರುತಿನ ಪಟ್ಟಿ, ಕನ್ನಡಕದ ಚೀಲ, ಕುಪ್ಪಸದ ತೋಳಿಗೆ ಹಚ್ಚುವ ಒಂದೇ ಒಂದು ಗೋಪುರ. ಇವು ನೂರೈವತ್ತು, ಇನ್ನೂರಕ್ಕೆ ಚೌಕಾಶಿ ಇಲ್ಲದೆ ಹೋಗುತ್ತವೆ. ಮತ್ತು ದಯವಿಟ್ಟು ನಮ್ಮ ನಮ್ಮಲ್ಲೇ ಬೆಲೆ ಇಳಿಸಬೇಡಿ. ಪಕ್ಕದ ಮೇಜಿನವರು ಮುನ್ನೂರು ಅಂದರೆ ನಾನು ಇನ್ನೂರೈವತ್ತು ಅನ್ನೋದು, ಸಂಜೆ ಅವರು ಇನ್ನೂರು ಅನ್ನೋದು, ಕೊನೆಗೆ ಇಬ್ಬರೂ ದಾರದ ದುಡ್ಡಿಗೆ ಕೊಟ್ಟು ಮನೆಗೆ ಬರೋದು. ಇದನ್ನ ನಾವು ಮೂವರೂ ಮಾಡಿದ್ದೇವೆ, ಹೆಸರು ಹೇಳೋದಿಲ್ಲ. ಅವರಲ್ಲಿ ಒಬ್ಬರು ಇಲ್ಲೇ ಕೂತು ನಗುತ್ತಿದ್ದಾರೆ.

ಈಗ ಮೂರನೆಯ ಸಲದ್ದು. ಇದನ್ನ ಹೇಳಬೇಕೋ ಬೇಡವೋ ಅಂತ ನಿನ್ನೆ ರಾತ್ರಿವರೆಗೂ ನಿಶ್ಚಯ ಆಗಿರಲಿಲ್ಲ.

2020ರ ಮಾರ್ಚಿನಲ್ಲಿ ಅವ್ವ ಎಂಟು ದಿನ ಇದ್ದು ಹೋಗಲು ಬಂದಳು. ಲಾಕ್‌ಡೌನ್ ಆಯಿತು, ಹದಿನಾಲ್ಕು ತಿಂಗಳು ಇದ್ದಳು. ಅವಳಿಗೆ ಆಗ ಎಪ್ಪತ್ತಾರು. ಕೈ ಸುಮ್ಮನಿರೋದಿಲ್ಲ. ನನ್ನ ಬೀರುವಿನಲ್ಲಿ ಒಂದು ಕರಿ ರೇಷ್ಮೆ ಸೀರೆ ಇತ್ತು, ಉಟ್ಟಿರಲಿಲ್ಲ. ಅದನ್ನ ಕಂಡು, "ಇದನ್ನ ಚಂದ್ರಕಾಳಿ ಮಾಡೋಣ" ಅಂದಳು. ನಮ್ಮ ಕಡೆ ಮದುವೆ, ಕುಬಸ ಅಂದರೆ ಕಸೂತಿ ಹಾಕಿದ ಕರಿ ಚಂದ್ರಕಾಳಿ ಸೀರೆ ಇರಲೇಬೇಕಿತ್ತು ಹಿಂದಿನ ಕಾಲದಲ್ಲಿ. ಇಲ್ಲಿ ಸಂಕ್ರಾಂತಿಗೆ ಕರಿ ಸೀರೆ ಉಡುತ್ತಾರೆ, ಇವರೂ ಚಂದ್ರಕಳಾ ಅಂತಾರೆ. ಹೆಸರು ಎರಡೂ ಕಡೆ ಅದೇ.

ರೇಷ್ಮೆಯ ಎಳೆ ಇಳಕಲ್ಲಿನ ಹಾಗೆ ಕಣ್ಣಿಗೆ ಕಾಣೋದಿಲ್ಲ. ಮೇಲೆ ಜಾಳಿಗೆಯ ಬಟ್ಟೆ ಟಾಕಿ ಅದರ ತೂತು ಎಣಿಸಿ ಹೊಲಿದು, ಆಮೇಲೆ ಜಾಳಿಗೆಯ ಎಳೆ ಒಂದೊಂದಾಗಿ ಎಳೆದು ತೆಗೀಬೇಕು. ಅವ್ವ ಬೆಳಿಗ್ಗೆ ಹತ್ತರಿಂದ ಹನ್ನೆರಡು, ಬಾಲ್ಕನಿಯಲ್ಲಿ ಬಿಸಿಲಿಗೆ ಕೂತು ಹೊಲಿಯೋಳು. ಸೆರಗಿನಲ್ಲಿ ಗೋಪುರದ ಸಾಲು, ಅದರ ಕೆಳಗೆ ತೇರು, ತೇರಿನ ಹಿಂದೆ ಅಂಬಾರಿ ಆನೆ. ನಡುವೆ ಪಲ್ಲಕ್ಕಿ. ನಮೂನೆ ಬರೆದಿಟ್ಟ ಪುಸ್ತಕ ಇಲ್ಲ, ಎಲ್ಲ ತಲೆಯಲ್ಲಿ. ಗವಂತಿಯ ಕಷ್ಟ ಅಂದರೆ ಹೋದ ದಾರಿಯಲ್ಲೇ ವಾಪಸ್ ಬರಬೇಕು, ಎಲ್ಲೂ ದಾರ ತುಂಡಾಗಬಾರದು. ಆನೆಯ ಸೊಂಡಿಲಿಗೆ ಹೋದ ಸೂಜಿ ಬಾಲಕ್ಕೆ ಹೇಗೆ ಮರಳುತ್ತದೆ ಅನ್ನೋದನ್ನ ಮೊದಲೇ ಯೋಚಿಸಿರಬೇಕು. ಅವಳು ಮನಸ್ಸಿನಲ್ಲಿ ದಾರಿ ಹಾಕಿಕೊಳ್ಳುವಾಗ ತುಟಿ ಅಲ್ಲಾಡುತ್ತಿದ್ದವು. ಯಾರಾದರೂ ಮಾತಾಡಿಸಿದರೆ ಸಿಟ್ಟಾಗೋಳು.

ಮೂರನೆಯ ಆನೆಯ ಹೊತ್ತಿಗೆ ಅವಳು ಹೊಲಿದದ್ದನ್ನ ಬಿಚ್ಚಲು ಶುರು ಮಾಡಿದಳು. ಒಂದು ದಿನ ಹಾಕಿದ್ದು, ಮರುದಿನ ಬಿಚ್ಚೋದು. ಎಣಿಕೆ ಒಂದು ಎಳೆ ತಪ್ಪುತ್ತಿತ್ತು. ಬಲಗಣ್ಣಿನಲ್ಲಿ ಪೊರೆ ಬಂದಿತ್ತು, ಆಗ ಆಸ್ಪತ್ರೆಗೆ ಕರಕೊಂಡು ಹೋಗುವ ಹಾಗಿರಲಿಲ್ಲ. ಒಂದು ಬೆಳಿಗ್ಗೆ ಸೀರೆ ಮಡಚಿ ನನ್ನ ತೊಡೆ ಮೇಲೆ ಇಟ್ಟು, "ಇನ್ನ ನೀನ ಮುಗಸು. ನಂಗ ಎಲ್ಲಾ ಎರಡೆರಡು ಕಾಣ್ತಾವ" ಅಂದಳು. ಮತ್ತೆ ಅದರ ಸುದ್ದಿ ಎತ್ತಲಿಲ್ಲ. ಧಾರವಾಡಕ್ಕೆ ಹೋದ ಮೇಲೆ ತಮ್ಮ ಆಪರೇಶನ್ ಮಾಡಿಸಿದ, ಕಣ್ಣು ಬಂತು, ಆದರೆ ಸೂಜಿ ಹಿಡಿಯಲಿಲ್ಲ.

ನಾನು ಮುಗಿಸಿದೆ. ಸೆರಗಿನ ಮೂರರಲ್ಲಿ ಎರಡು ಪಾಲು ಅವಳದು, ಒಂದು ಪಾಲು ನನ್ನದು. 2022ರ ಡಿಸೆಂಬರಿಗೆ ಆಯಿತು. 2023ರ ಮೇಳದ ಸ್ಪರ್ಧೆಗೆ ಕೊಟ್ಟೆ.

ಅರ್ಜಿಯಲ್ಲಿ ಹೆಸರಿಗೆ ಒಂದೇ ಗೆರೆ. ಕೆಳಗೆ, "ಈ ವಸ್ತುವನ್ನು ನಾನು ಸ್ವತಃ ತಯಾರಿಸಿದ್ದೇನೆ" ಅಂತ ಮರಾಠಿಯಲ್ಲಿ ಛಾಪಿಸಿದ ಸಾಲು, ಅದರ ಕೆಳಗೆ ಸಹಿ. ನಾನು ನನ್ನ ಹೆಸರು ಬರೆದೆ. ಸಹಿ ಮಾಡಿದೆ. ಆ ಹೊತ್ತಿಗೆ ಮನಸ್ಸು ನೂರು ಸಮಜಾಯಿಷಿ ಕೊಡುತ್ತದೆ. ಜಾಗ ಒಂದೇ ಇದೆಯಲ್ಲ, ಅವ್ವ ಧಾರವಾಡದಲ್ಲಿ ಇದ್ದಾಳಲ್ಲ, ಅವಳಿಗೆ ಇದೆಲ್ಲ ಯಾತಕ್ಕೆ, ಸೀರೆ ನನ್ನದೇ ಅಲ್ಲವೆ. ಚೀಟಿಯಲ್ಲಿ ಹೊಲಿಗೆಗಳ ಹೆಸರು ಬರೆದೆ, ತಾಸು ಬರೆದೆ, ಚಂದ್ರಕಾಳಿಯ ಕಥೆ ಬರೆದೆ. ಅವ್ವನ ಹೆಸರೊಂದು ಬಿಟ್ಟು ಎಲ್ಲ ಬರೆದೆ. ಸೀರೆಯನ್ನ ಎರಡು ಕೋಲಿಗೆ ತೂಗಿಬಿಟ್ಟೆ.

ಮೊದಲ ಬಹುಮಾನ ಬಂತು. ಎರಡೂವರೆ ಸಾವಿರ ರೂಪಾಯಿ, ಪ್ರಶಸ್ತಿ ಪತ್ರ. ಹಿಂದಿನ ಸಲದ ಆ ಬಾಯಿ ಈ ಸಲ ಇರಲಿಲ್ಲ. ಇದ್ದ ತೀರ್ಪುಗಾರರು ಹಿಂಬದಿ ನೋಡಿ ಬೆರಗಾದರಂತೆ. ಅವರಲ್ಲಿ ಒಬ್ಬರು ಕಲಿತವರು, ಇದನ್ನ ಯುರೋಪಿನಲ್ಲಿ ಹೋಲ್ಬೈನ್ ಹೊಲಿಗೆ ಅಂತಾರೆ, ಹೋಲ್ಬೈನ್ ಅನ್ನುವ ಚಿತ್ರಕಾರ ಬರೆದ ಹಳೆ ಚಿತ್ರಗಳಲ್ಲಿ ಅಂಗಿಯ ಕಾಲರಿನ ಮೇಲೆ ಇಂಥದ್ದೇ ಕಾಣುತ್ತದೆ ಅಂತ ನನಗೆ ಹೇಳಿದರು. ನಾನು ತಲೆ ಆಡಿಸಿದೆ. ಒಳಗೆ ಬಹಳ ಖುಷಿ.

ಆ ಸಂಕ್ರಾಂತಿಗೆ ತಮ್ಮ ಅವ್ವನನ್ನ ಕರಕೊಂಡು ಬರುವವನಿದ್ದ. ಹಬ್ಬದ ಹಿಂದಿನ ದಿನ ಬರುತ್ತಾನೆ ಅಂತ ತಿಳಿದಿದ್ದೆ, ಎರಡು ದಿನ ಮೊದಲೇ ಬಂದ. ಮೇಳದ ಕೊನೆ ದಿನ. ಮಧ್ಯಾಹ್ನ ಅವ್ವನನ್ನ ಕರಕೊಂಡು ಸಭಾಗೃಹಕ್ಕೆ ಹೋದೆವು. ಹೋಗದೆ ಇರಲು ನೆವ ಹುಡುಕಿದೆ, ಸಿಗಲಿಲ್ಲ.

ಸೀರೆಯ ಮುಂದೆ ಕೆಂಪು ರಿಬ್ಬನ್ನು, ಕೆಳಗೆ ನನ್ನ ಹೆಸರಿನ ದೊಡ್ಡ ಚೀಟಿ. ಅಲ್ಲಿದ್ದ ಸ್ವಯಂಸೇವಕಿ ಹುಡುಗಿ ಅವ್ವನ ಕೈ ಹಿಡಿದು ಮರಾಠಿಯಲ್ಲಿ, "ಆಜಿ, ನಿಮ್ಮ ಮಗಳು ಎಷ್ಟು ಚಂದ ಮಾಡಿದ್ದಾರೆ ನೋಡಿ" ಅಂದಳು. ಅವ್ವನಿಗೆ ಮರಾಠಿ ಮಾತಾಡಲು ಬರೋದಿಲ್ಲ, ತಿಳಿಯುತ್ತದೆ. ಹೂಂ ಅಂದಳು. ಕನ್ನಡಕ ಸರಿ ಮಾಡಿಕೊಂಡು ಸೆರಗಿನ ಹಿಂದೆ ಹೋದಳು. ಗೋಪುರದಿಂದ ಶುರು ಮಾಡಿ ಬೆರಳಿಂದ ಒಂದೊಂದೇ ಸವರುತ್ತ ಬಂದಳು. ಮೂರನೆಯ ಆನೆಯ ಹಿಂಗಾಲಿನ ಹತ್ತಿರ ಬೆರಳು ನಿಂತಿತು.

"ಗಂಟು ಹಾಕೀದಿ," ಅಂದಳು.

ಹೌದು. ಅವಳ ದಾರ ಮುಗಿದಲ್ಲಿ ನನ್ನದನ್ನ ತೂರಿಸಲು ಜಾಗ ಸಿಗದೆ ಒಂದು ಸಣ್ಣ ಗಂಟು ಹಾಕಿದ್ದೆ. ಸಾಸಿವೆ ಕಾಳಿನಷ್ಟು. ಮೂರು ಜನ ತೀರ್ಪುಗಾರರಿಗೆ ಕಂಡಿರಲಿಲ್ಲ.

"ಇಲ್ಲಿಂದ ಮುಂದ ನಿಂದು," ಅಂದಳು. ಅಷ್ಟೇ ಅಂದದ್ದು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಹೊರಗೆ ಬಂದು ಕಬ್ಬಿನ ಹಾಲು ಕುಡಿದಳು, ಮೊಮ್ಮಗಳಿಗೆ ಬಳೆ ಕೊಡಿಸಿದಳು.

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಅವಳು ಬೈದಿದ್ದರೆ ನಾನೂ ಏನಾದರೂ ಅಂದು ಮುಗಿಸುತ್ತಿದ್ದೆ. ಮರುದಿನ ಬೆಳಿಗ್ಗೆ ಆಯೋಜಕರ ಮನೆಗೆ ಹೋಗಿ, ಇದರಲ್ಲಿ ಹೆಚ್ಚಿನ ಕೆಲಸ ನಮ್ಮ ತಾಯಿಯವರದು, ಅವರ ಹೆಸರು ಸೇರಿಸಬೇಕು ಅಂದೆ. ಸೇರಿಸಿಬಿಡುತ್ತಾರೆ, ಪತ್ರದಲ್ಲಿ ಇನ್ನೊಂದು ಹೆಸರು ಬರೆದರೆ ಆಯಿತು ಅಂತ ನಾನು ಎಣಿಸಿದ್ದೆ. ಅವರ ಮುಖ ಬದಲಾಯಿತು. ಇಬ್ಬರು ಮಾಡಿದ್ದು ಸ್ಪರ್ಧೆಗೆ ನಡೆಯೋದಿಲ್ಲ, ನೀವು ಸಹಿ ಮಾಡಿದ್ದೀರಿ, ಫಲಿತಾಂಶ ಎಲ್ಲರ ಮೊಬೈಲಿಗೆ ಹೋಗಿದೆ, ಈಗ ನಾವು ಏನು ಉತ್ತರ ಕೊಡೋದು ಅಂದರು. ಸರಿಯಾಗೇ ಇತ್ತು ಅವರ ಮಾತು. ಒಂದು ಘಂಟೆ ಚರ್ಚೆಯಾಗಿ, ನನ್ನ ಪ್ರವೇಶ ರದ್ದು, ಎರಡನೆಯವರು ಮೊದಲಿಗೆ ಅಂತ ನಿರ್ಧಾರವಾಯಿತು. ಲಕೋಟೆ, ಪತ್ರ ವಾಪಸ್ ಕೊಟ್ಟೆ. ಅಲ್ಲಿದ್ದವರೊಬ್ಬರು ನನಗೆ ಕೇಳಿಸುವ ಹಾಗೆಯೇ, ಮೊದಲೇ ಗೊತ್ತಿರಲಿಲ್ಲವೇನು ಇವರಿಗೆ ಅಂದರು. ಆ ನಡೆಯ ಹಾದಿ, ಅವರ ಗೇಟಿನಿಂದ ನಮ್ಮ ಸೊಸೈಟಿಯವರೆಗೆ, ಈಗಲೂ ನನಗೆ ನೆನಪಿದೆ.

ಮನೆಗೆ ಬಂದು ಹೇಳಿದರೆ ಅವ್ವ ಸಂತೋಷಪಡುತ್ತಾಳೆ ಅಂದುಕೊಂಡಿದ್ದೆ. ಅವಳು ಎಳ್ಳು ಹುರಿಯುತ್ತಿದ್ದಳು. ಸೌಟು ಕೆಳಗಿಟ್ಟು ನನ್ನ ಕಡೆ ನೋಡಿದಳು.

"ಎರಡೂವರಿ ಸಾವಿರ ಕೊಟ್ಟು ಬಂದಿ?"

"ಮತ್ತ ಏನ್ ಮಾಡಲಿ ಅವ್ವ? ನಿನ್ನ ಕೆಲಸ ಅದು."

"ನಾ ಏನರ ಕೇಳಿದ್ನೇನು? ಗಂಟು ಹಾಕಬಾರದಿತ್ತು ಅಂದೆ. ಹೆಸರಿನ ಸುದ್ದಿ ಯಾರ ತಗದ್ರು?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳು ಇಡೀ ದಿನ ಮಾತಾಡಲಿಲ್ಲ. ನಾನು ಮಾಡಿದ್ದು ಅವಳಿಗಾಗಿಯೋ, ನನ್ನ ನಿದ್ದೆಗಾಗಿಯೋ ಅಂತ ಈಗಲೂ ಕೆಲವು ಸಲ ಯೋಚನೆ ಬರುತ್ತದೆ. ಆದರೆ ಹಬ್ಬ ಮುಗಿಸಿ ಅವಳು ಧಾರವಾಡಕ್ಕೆ ಹೋದ ಮೇಲೆ ತಮ್ಮನ ಹೆಂಡತಿ ಫೋನಿನಲ್ಲಿ ಹೇಳಿದಳು: "ವೈನಿ, ಅತ್ತಿಯವರು ಓಣಿ ತುಂಬ ಹೇಳ್ಕೋತ ಹೊಂಟಾರ, ಪುಣೇದಾಗ ನನ್ನ ಕಸೂತಿಗೆ ಫಸ್ಟ್ ಬಂದಿತ್ತು, ನನ್ನ ಮಗಳು ರೊಕ್ಕ ವಾಪಸ್ ಕೊಟ್ಲು ಅಂತ." ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾಳಂತೆ.

ಮರುವರ್ಷದ ಅರ್ಜಿಯಲ್ಲಿ "ಸಾಮೂಹಿಕ" ಅಂತ ಹೊಸ ವಿಭಾಗ ಬಂತು. ನಮ್ಮ ಗಲಾಟೆಯಿಂದಲೇ ಬಂತೋ, ಅವರಿಗೇ ಹೊಳೆಯಿತೋ, ನಾನು ಕೇಳಲಿಲ್ಲ. ಹೆಸರಿಗೆ ಐದು ಗೆರೆ ಇವೆ. ನಮ್ಮ ವಿಭಾಗದವರು ಈ ಸಲ ಅದರಲ್ಲೇ ಕೊಡೋದು ಒಳ್ಳೇದು ಅಂತ ನನ್ನ ಅಭಿಪ್ರಾಯ. ಮಂಗಳೂರಿನವರು ಒಬ್ಬರು ಕ್ರೋಶಾ ಅಂಚು ಹಾಕುತ್ತೇನೆ ಅಂದಿದ್ದಾರೆ, ನಮ್ಮ ಹುಬ್ಬಳ್ಳಿಯ ಇಬ್ಬರು ಕಸೂತಿ ಹಾಕುತ್ತಾರೆ. ಕೌದಿ ಹೊಲಿಯಲು ಬರುವವರು ಯಾರಾದರೂ ಇದ್ದರೆ ಚಹಾ ಆದ ಮೇಲೆ ನನ್ನ ಹತ್ತಿರ ಬನ್ನಿ. ಹಳೆ ಇಳಕಲ್ಲ ಸೀರೆಗಳ ತುಂಡು ನನ್ನ ಹತ್ತಿರ ಒಂದು ಗಂಟು ಇದೆ.

ಸಹಿ ಮಾಡುವ ಮೊದಲು ಅರ್ಜಿ ಪೂರ್ತಿ ಓದಿ. ಮನೆಯಲ್ಲಿ ಅತ್ತೆ ನೂಲು ಪೋಣಿಸಿಕೊಟ್ಟಿದ್ದರೆ, ಮಗಳು ಬಣ್ಣ ಆರಿಸಿದ್ದರೆ, ಚೀಟಿಯಲ್ಲಿ ಬರೆಯಿರಿ. ಚೀಟಿಗೆ ಜಾಗದ ಕೊರತೆ ಇಲ್ಲ.

ಮುಂದಿನ ಭಾನುವಾರದಿಂದ ನಾಲ್ಕು ವಾರ, ಮಧ್ಯಾಹ್ನ ಮೂರಕ್ಕೆ ನಮ್ಮ ಮನೆಯಲ್ಲಿ ಸೇರೋಣ. ಸೂಜಿ, ಕತ್ತರಿ, ಕನ್ನಡಕ ಅವರವರದು ತರಬೇಕು. ದಾರ ಒಟ್ಟಿಗೆ ಕೊಂಡರೆ ಒಂದೇ ಬಣ್ಣ ಸಿಗುತ್ತದೆ, ಅದನ್ನ ನಾನು ತರುತ್ತೇನೆ. ಎರಡನೆಯ ವಾರಕ್ಕೆ ಅವ್ವ ಬರುತ್ತಾಳೆ. ಮಾಡಿದ್ದನ್ನ ಅವಳ ಕೈಗೆ ಕೊಡುವ ಮೊದಲು ಒಮ್ಮೆ ನೀವೇ ಮಗಚಿ ನೋಡಿಕೊಂಡಿರಿ, ಅವಳು ಹೆಸರು ಕೇಳೋದಕ್ಕಿಂತ ಮೊದಲು ಅದನ್ನ ನೋಡುತ್ತಾಳೆ.

ಚಹಾ ಬಂದಿದೆ.